ಸೊಪ್ಪಿನ ಬೆಟ್ಟದ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟಗಳ ಇತಿಹಾಸವು ಸೊಪ್ಪಿನ ಬೆಟ್ಟಗಳ ಇತಿಹಾಸವೂ ಹೌದು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ತರುವಾಯ ಸರಕಾರವು ಅರಣ್ಯವನ್ನು ತನ್ನ ವಶಕ್ಕೆ ತೆಗೆದುಕೊಂಡರೂ, ಒಂದೆಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತನ್ನು ಮನ್ನಿಸಿತು. ಅಲ್ಲಿಯ ಸೊಪ್ಪು, ದರಕುಗಳು ಕೊಟ್ಟಿಗೆಯಲ್ಲಿ ದನಗಳ ತುಳಿತಕ್ಕೆ ಸಿಕ್ಕಿ ಗೊಬ್ಬರವಾಗುತ್ತಿದ್ದವು. ಈ ಕ್ರಮದಲ್ಲಿ ವ್ಯಯವಾಗುವ ಶಕ್ತಿ ಸೂರ್ಯನದು, ದನದ್ದು, ಮನುಷ್ಯನ ತೋಳಿನದು.

ರಾಸಾಯನಿಕ ಗೊಬ್ಬರದ ಮಾತು ಬೇರೆ. 1913ರಲ್ಲಿ ಜರ್ಮನಿಯಲ್ಲಿ ಆರಂಭವಾದ ಅಮೋನಿಯ ತಯಾರಿಕೆಯು ಇಂದಿಗೂ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲುಗಳನ್ನೇ ನಂಬಿದೆ. ಚೀಲ ಹೊರಲು ಹಗುರ. ಅದರ ಹಿಂದಿನ ಉರಿ ರೈತನ ಕಣ್ಣಿಗೆ ಬೀಳದು.

ಹಾಗೆಂದು ಸೊಪ್ಪು ಪುಕ್ಕಟೆಯಲ್ಲ. ಅದಕ್ಕೆ ಕೂಲಿಯುಂಟು, ಕಡಿದಷ್ಟು ಚಿಗುರದಿದ್ದರೆ ಬೆಟ್ಟವೇ ಬೋಳಾಗುವುದು. 1983ರಲ್ಲಿ ಸಾಲ್ಕಣಿಯ ಜನರು ಕಡಿತವನ್ನು ತಡೆಯಲು ಮರಗಳನ್ನು ಅಪ್ಪಿಕೊಂಡುದು ಅಡವಿಯ ಬೆಲೆಯನ್ನು ಅರಿತೇ. ತೋಟದ ಲಾಭವನ್ನು ಎಣಿಸುವವರು ಬೆಟ್ಟದ ಸವಕಳಿಯನ್ನೂ ಖರ್ಚಿನಲ್ಲಿ ಬರೆಯಬೇಕು.