ಮುಳ್ಳುತಂತಿಯ ಒಳಗಿದ್ದ ನಟ

ಯುದ್ಧಚಿತ್ರಗಳನ್ನು ಇತಿಹಾಸದ ವಿದ್ಯಾರ್ಥಿಯಾಗಿ ನೋಡುವಾಗ ನಾನು ಮೊದಲು ಹುಡುಕುತ್ತಿದ್ದುದು ತಪ್ಪುಗಳನ್ನು. 'ದಿ ಗ್ರೇಟ್ ಎಸ್ಕೇಪ್' (1963) ಚಿತ್ರದಲ್ಲಿ ಅವು ಬೇಕಾದಷ್ಟು ಸಿಕ್ಕವು. 1944ರ ಮಾರ್ಚ್‌ನಲ್ಲಿ ಜರ್ಮನರ ಸ್ಟಾಲಾಗ್ ಲುಫ್ಟ್ 3 ಶಿಬಿರದಿಂದ ಸುರಂಗ ಕೊರೆದು ಹೊರಬಿದ್ದ ಸೆರೆಯಾಳುಗಳು 76 ಮಂದಿ. ಮರಳಿ ಸಿಕ್ಕಿಬಿದ್ದ 73 ಮಂದಿಯಲ್ಲಿ 50 ಜನರನ್ನು ಗೆಸ್ಟಾಪೊ ಕೊಂದಿತು. ಸ್ಟೀವ್ ಮೆಕ್ವೀನ್‌ನ ಮೋಟಾರ್‌ಸೈಕಲ್ ಓಟ ಮಾತ್ರ ಸಿನಿಮಾದವರ ಕಲ್ಪನೆ.

ಆದರೆ ನಕಲಿ ದಾಖಲೆ ತಯಾರಿಸುವ ಬ್ಲೈತ್ ಪಾತ್ರದ ಡೊನಾಲ್ಡ್ ಪ್ಲೆಸೆನ್ಸ್ ನನ್ನನ್ನು ತಡೆದು ನಿಲ್ಲಿಸಿದರು. ಯುದ್ಧದ ಆರಂಭದಲ್ಲಿ ಆತ್ಮಸಾಕ್ಷಿಯ ಕಾರಣಕ್ಕೆ ಸೇನೆ ಸೇರಲೊಪ್ಪದ ಈ ಬ್ರಿಟಿಷ್ ನಟ, ಆಮೇಲೆ ಮನಸ್ಸು ಬದಲಿಸಿ ವಾಯುಪಡೆಗೆ ಹೋದರು. ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದಾಗ, 1944ರ ಆಗಸ್ಟ್‌ನಲ್ಲಿ, ಅವರ ವಿಮಾನ ಫ್ರಾನ್ಸ್‌ನಲ್ಲಿ ಗುಂಡೇಟಿಗೆ ಉರುಳಿತು. ಸ್ಟಾಲಾಗ್ ಲುಫ್ಟ್ 1ರಲ್ಲಿ ಸೆರೆಯಾಳಾದರು; ಅಲ್ಲಿ ನಾಟಕಗಳಲ್ಲೂ ಅಭಿನಯಿಸಿದರು.

ಚಿತ್ರದಲ್ಲಿ ಬ್ಲೈತ್‌ನ ಕಣ್ಣು ಮಂಜಾಗುತ್ತದೆ. ತನ್ನನ್ನು ಬಿಟ್ಟುಹೋದಾರೆಂಬ ಭಯಕ್ಕೆ, ತಾನೇ ಮೊದಲು ಇಟ್ಟ ಗುಂಡುಸೂಜಿಯನ್ನು ಹೆಕ್ಕಿ, ಕಣ್ಣು ಕಾಣುತ್ತದೆಂದು ನಟಿಸುತ್ತಾನೆ. ಅಂಕಿಅಂಶಗಳಲ್ಲಿ ಈ ಭಯಕ್ಕೆ ಜಾಗವಿಲ್ಲ. ಮೋಟಾರ್‌ಸೈಕಲ್ ಸುಳ್ಳೆಂದು ಬರೆದ ಟಿಪ್ಪಣಿಯನ್ನು ನಾನು ಅಳಿಸಿಲ್ಲ. ಅದರ ಕೆಳಗೆ ಗುಂಡುಸೂಜಿಯನ್ನೂ ಬರೆದುಕೊಂಡಿದ್ದೇನೆ.