ತಾಲ್ಲೂಕು ಕಚೇರಿ ಗಣಕಗಳಿಗೆ ವೈರಸ್ ಕಾವಲು: ಒಂದೇ ಸ್ಕ್ರಿಪ್ಟ್‌ನಲ್ಲಿ ನೀತಿ ರಚನೆ

ಭೂಮಿ ಯೋಜನೆಯಡಿ 2002ರ ವೇಳೆಗೆ ರಾಜ್ಯದ 177 ತಾಲ್ಲೂಕುಗಳ ಪಹಣಿಗಳು ಗಣಕೀಕೃತಗೊಂಡು, ಕೈಬರಹದ ಪಹಣಿ ಮಾನ್ಯತೆ ಕಳೆದುಕೊಂಡಿತು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಅಂದೇ ಈ ವ್ಯವಸ್ಥೆಗೆ ಒಳಪಟ್ಟವು. ಆಗ ಬೈಲಹೊಂಗಲ ತಾಲ್ಲೂಕಿನಲ್ಲಿದ್ದ ಕಿತ್ತೂರು ಈಗ ಪ್ರತ್ಯೇಕ ತಾಲ್ಲೂಕು. ಬೆಳೆಸಾಲಕ್ಕಾಗಿ ಪಹಣಿ ಪಡೆಯಲು ಬಂದ ರೈತನಿಗೆ ಕೌಂಟರಿನ ಗಣಕವೇ ಕಚೇರಿ. ಅದು ಕೆಟ್ಟು ನಿಂತರೆ ಹಳೆಯ ಕಡತ ತೆಗೆದು ಕೊಡುವ ಅವಕಾಶವಿಲ್ಲ. ಬಸ್ ಹಿಡಿದು ಹಳ್ಳಿಗೆ ಮರಳುವುದೊಂದೇ ದಾರಿ.

ಇದು ಬರಿಯ ಊಹೆಯ ಭೀತಿಯಲ್ಲ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಹಾವಳಿ ಎಬ್ಬಿಸಿದಾಗ ನೆರೆಯ ಕೇರಳದ ವಯನಾಡ್ ಜಿಲ್ಲೆಯ ಗ್ರಾಮ ಪಂಚಾಯಿತಿಯೊಂದರ ಗಣಕಗಳೂ ಅದಕ್ಕೆ ತುತ್ತಾದವು. ಕಡತಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳುವುದು ಅದರ ರೀತಿ. ಅದು ನುಸುಳಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಅಂದರೆ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತೆಂಬುದು ಗಮನಾರ್ಹ.

ಗಣಕವೊಂದು ಯಾವ ಹೊತ್ತಿಗೆ ತಪಾಸಣೆಗೊಳಗಾಗಬೇಕು, ಸೋಂಕು ಕಂಡರೆ ಏನು ಮಾಡಬೇಕು, ಯಾವ ಕಡತಗಳನ್ನು ತಪಾಸಣೆಯಿಂದ ಹೊರಗಿಡಬೇಕು ಎಂಬ ನಿಯಮಗಳ ಕಟ್ಟನ್ನು ನೀತಿ ಅಥವಾ ಪಾಲಿಸಿ ಎನ್ನುತ್ತಾರೆ. ಪ್ರತಿ ಗಣಕದ ಮುಂದೆ ಕುಳಿತು ಮೌಸ್ ಒತ್ತುತ್ತ ಇವನ್ನು ಹೊಂದಿಸಿದರೆ ನಾಲ್ಕು ಊರುಗಳಲ್ಲಿ ನಾಲ್ಕು ಬಗೆಯಾಗುವುದು ಖಚಿತ. 2006ರಲ್ಲಿ ಬಂದ ‘ಪವರ್‌ಶೆಲ್’ ಎಂಬ ಆದೇಶಸಾಲಿನ ಸಾಧನ ಇದಕ್ಕೆ ಪರಿಹಾರ. ನಿಯಮಗಳನ್ನು ಒಮ್ಮೆ ಸ್ಕ್ರಿಪ್ಟ್ ಆಗಿ ಬರೆದಿಟ್ಟರೆ ಎಲ್ಲೆಡೆ ಅದೇ ಪಾಠ ಜಾರಿಯಾಗುತ್ತದೆ. ಅಧಿಕಾರಿ ವರ್ಗವಾದರೂ ಏನು ಹೊಂದಿಸಲಾಗಿತ್ತು ಎಂಬ ಬರಹ ಉಳಿಯುತ್ತದೆ.

ಮೈಕ್ರೋಸಾಫ್ಟ್‌ನ ‘ಕಾನ್ಫಿಗರೇಶನ್ ಮ್ಯಾನೇಜರ್’ ಇರುವ ಜಾಲದಲ್ಲಿ ‘ನ್ಯೂ-ಸಿಎಂಆ್ಯಂಟಿಮಾಲ್‌ವೇರ್‌ಪಾಲಿಸಿ’ ಎಂಬ ಆದೇಶದಿಂದ ನೀತಿ ಹುಟ್ಟುತ್ತದೆ. ಆದೇಶದಲ್ಲಿ ನೀತಿಯ ಹೆಸರಿನೊಡನೆ, ಅದು ಯಾವ ವಿಭಾಗಗಳನ್ನು ಆಳಬೇಕೆಂದು ನಮೂದಿಸಬೇಕು. ನಮೂದಿಸದ ವಿಭಾಗಗಳಿಗೆ ಮೂಲ ನೀತಿಯೇ ಅನ್ವಯ. ಆದುದರಿಂದ ತಪಾಸಣೆ ವೇಳೆಯನ್ನಷ್ಟೇ ಬದಲಿಸಬೇಕಾದಲ್ಲಿ ಅದೊಂದನ್ನೇ ಹೆಸರಿಸುವುದು ಲೇಸು. ‘ಸೆಟ್’ ಆದೇಶದಿಂದ ವಿವರ ತುಂಬಿ, ‘ಸ್ಟಾರ್ಟ್’ ಆದೇಶದಿಂದ ಗಣಕಗಳ ಗುಂಪಿಗೆ ಹಂಚಬೇಕು. ಒಂದೇ ಗಣಕಕ್ಕೆ ಎರಡು ನೀತಿಗಳು ತಗಲಿ ಘರ್ಷಣೆಯಾದರೆ ಕಡಿಮೆ ಕ್ರಮಸಂಖ್ಯೆಯ ನೀತಿ ಗೆಲ್ಲುತ್ತದೆ. ಕೇಂದ್ರ ಸರ್ವರ್ ಇಲ್ಲದ ಸಣ್ಣ ಕಚೇರಿಗೆ ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಹಾಗೂ ‘ಸೆಟ್-ಎಂಪಿಪ್ರಿಫರೆನ್ಸ್’ ಆದೇಶ ಸಾಕು.

ಕಷ್ಟವಿರುವುದು ಆದೇಶದಲ್ಲಲ್ಲ, ವೇಳಾಪಟ್ಟಿಯಲ್ಲಿ. ನಸುಕಿನ ಎರಡು ಗಂಟೆಗೆ ಪೂರ್ಣ ತಪಾಸಣೆ ಎಂದು ಬರೆಯುವುದು ಸುಲಭ. ಸಂಜೆ ಸ್ವಿಚ್ ಆರಿಸಿ ಬೀಗ ಹಾಕುವ ಕಚೇರಿಯಲ್ಲಿ ಆ ಹೊತ್ತಿಗೆ ಗಣಕವೇ ಎಚ್ಚರವಿರುವುದಿಲ್ಲ. ಸತತ ಎರಡು ತಪಾಸಣೆ ತಪ್ಪಿದರೆ ಮುಂದಿನ ಲಾಗಿನ್ ವೇಳೆ ಅದನ್ನು ನಡೆಸುವ ಸೌಲಭ್ಯವಿದೆ, ಆದರೆ ಅದನ್ನು ಕೇಳಿ ಚಾಲೂ ಮಾಡಿಸಬೇಕು. ಹಾಗೆ ಮಾಡಿದರೆ ಬೆಳಿಗ್ಗೆ ಸರತಿ ನಿಂತ ಹೊತ್ತಿನಲ್ಲೇ ಗಣಕ ತೆವಳುವ ಅಪಾಯ! ಪ್ರೊಸೆಸರ್ ಬಳಕೆಯ ಮಿತಿ ಸಾಮಾನ್ಯವಾಗಿ ಶೇ 50 ಇರುತ್ತದೆ. ಹಳೆಯ ಯಂತ್ರಗಳಲ್ಲಿ ಅದನ್ನು ಶೇ 20ಕ್ಕೆ ಇಳಿಸಿ, ಮಧ್ಯಾಹ್ನ ಊಟದ ವಿರಾಮಕ್ಕೆ ತ್ವರಿತ ತಪಾಸಣೆ ಇಡುವುದು ಹೆಚ್ಚು ವ್ಯಾವಹಾರಿಕ. ಪೆನ್‌ಡ್ರೈವ್‌ಗಳ ತಪಾಸಣೆಯನ್ನೂ ನೀತಿಯಲ್ಲಿ ಸ್ಪಷ್ಟವಾಗಿ ಕಾಣಿಸಬೇಕು.

ಹೊರಗಿಡುವ ಪಟ್ಟಿಯಂತೂ ಎರಡಲಗಿನ ಕತ್ತಿ. ದತ್ತಸಂಚಯ ನಿಧಾನವಾಯಿತೆಂದು ಇಡೀ ‘ಡಿ’ ಡ್ರೈವನ್ನೇ ಹೊರಗಿಟ್ಟರೆ ವೈರಸ್ಸಿಗೆ ಬಿಡಾರ ಹಾಕಿಕೊಟ್ಟಂತೆ. ದತ್ತಸಂಚಯದ ನಿರ್ದಿಷ್ಟ ಕಡತಗಳನ್ನಷ್ಟೇ ಹೆಸರಿಸಿದರೆ ಸಾಕು.

ನೀತಿಯನ್ನು ಮೊದಲು ಒಂದೇ ಕಚೇರಿಯ ಎರಡು ಗಣಕಗಳಲ್ಲಿ, ಕೌಂಟರಿನದಲ್ಲದವುಗಳಲ್ಲಿ, ಪರೀಕ್ಷಿಸುವುದು ವಾಡಿಕೆ. ‘ಐಕಾರ್’ ಎಂಬ 68 ಅಕ್ಷರಗಳ ನಿರಪಾಯಕಾರಿ ಕಡತವಿಟ್ಟು ಕಾವಲು ಎಚ್ಚರವಿದೆಯೇ ಎಂದು ತಿಳಿಯಬಹುದು. ‘ಗೆಟ್-ಎಂಪಿಕಂಪ್ಯೂಟರ್‌ಸ್ಟೇಟಸ್’ ಆದೇಶವು ವೈರಸ್ ಲಕ್ಷಣಪಟ್ಟಿ ಎಷ್ಟು ಹಳತೆಂದು ದಿನಗಳ ಲೆಕ್ಕದಲ್ಲಿ ಹೇಳುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅಂತಹ ಗಣಕಗಳನ್ನು ಬೇರೆಯೇ ಗುಂಪಿನಲ್ಲಿಟ್ಟು ಮೊದಲು ಬದಲಾಯಿಸಬೇಕಾದವುಗಳ ಪಟ್ಟಿಗೆ ಸೇರಿಸಬೇಕಾಗುತ್ತದೆ.