ಸ್ಟುಡಿಯೋ ಭಾವಚಿತ್ರದ ಬೆಲೆ

ಫೋಟೋಗ್ರಫಿ ಬರುವ ಮುನ್ನ ಮನುಷ್ಯನ ಮುಖವನ್ನು ಚಿತ್ರದಲ್ಲಿ ಉಳಿಸಿಕೊಳ್ಳುವ ಅನುಕೂಲ ಅರಮನೆಗೆ, ಸಿರಿವಂತರ ಮನೆಗೆ ಮಾತ್ರ ಇತ್ತು. ಚಿತ್ರಕಾರನನ್ನು ಕರೆಸಿ, ಉಳಿಸಿಕೊಂಡು, ದಿನಗಟ್ಟಲೆ ಅವನೆದುರು ಕೂರಬೇಕಿತ್ತು. ಫೋಟೋಗ್ರಫಿ ಬಂದ ಮೇಲೂ ಅರಮನೆಗಳು ಈ ಪದ್ಧತಿಯನ್ನು ಬಿಡಲಿಲ್ಲ: 1885ರಲ್ಲಿ ಚಾಮರಾಜೇಂದ್ರ ಒಡೆಯರು ರಾಜಾ ರವಿವರ್ಮನನ್ನು ಮೈಸೂರಿಗೆ ಕರೆಸಿ ರಾಜಮನೆತನದವರ ಚಿತ್ರಗಳನ್ನು ಬರೆಸಿದರು. ರೈತನಿಗೆ, ನೇಕಾರನಿಗೆ, ಕಚೇರಿಯ ಗುಮಾಸ್ತನಿಗೆ ಆ ದಾರಿ ಇರಲಿಲ್ಲ. ಅಜ್ಜನನ್ನು ಕಣ್ಣಾರೆ ಕಂಡವರು ತೀರಿಕೊಂಡರೆ ಅಜ್ಜನ ಮುಖವೂ ಅಲ್ಲಿಗೆ ಮುಗಿಯಿತು.

1839ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಡಾಗೇರ್ ಪ್ರಕಟಿಸಿದ ವಿಧಾನವೂ ಮೊದಮೊದಲು ಉಳ್ಳವರದ್ದೇ ಆಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಅಯೋಡಿನ್ ಆವಿಗೆ ಹಿಡಿದು, ಕ್ಯಾಮೆರಾದಲ್ಲಿಟ್ಟು, ಆಮೇಲೆ ಪಾದರಸದ ಹೊಗೆಯಲ್ಲಿ ಬಿಂಬ ಮೂಡಿಸಬೇಕಿತ್ತು. ಒಂದು ತಗಡಿಗೆ ಒಂದೇ ಚಿತ್ರ. ಅದಕ್ಕೆ ನೆಗೆಟಿವ್ ಇಲ್ಲ, ಇನ್ನೊಂದು ಪ್ರತಿ ಬೇಕೆಂದರೆ ಮತ್ತೆ ಕೂರಬೇಕು. 1841ರಲ್ಲಿ ಲಂಡನ್ನಿನಲ್ಲಿ ಸ್ಟುಡಿಯೋ ತೆರೆದ ರಿಚರ್ಡ್ ಬಿಯರ್ಡ್ ಒಂದು ಭಾವಚಿತ್ರಕ್ಕೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್, ಪಡೆಯುತ್ತಿದ್ದ. ಅಲ್ಲಿನ ಹೊಲದ ಆಳಿಗೆ ವಾರವೆಲ್ಲ ದುಡಿದರೂ ಅಷ್ಟು ಸಿಗುತ್ತಿರಲಿಲ್ಲ.

ದರ ಇಳಿದದ್ದು ಎರಡು ಸುಧಾರಣೆಗಳಿಂದ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಬಳಿದು ನೆಗೆಟಿವ್ ಮಾಡುವ ಬಗೆಯನ್ನು ಪ್ರಕಟಿಸಿದ. ಒಂದು ಗಾಜಿನಿಂದ ಎಷ್ಟು ಪ್ರತಿಯನ್ನಾದರೂ ತೆಗೆಯಬಹುದಾಯಿತು. 1854ರಲ್ಲಿ ಪ್ಯಾರಿಸ್ಸಿನ ಛಾಯಾಗ್ರಾಹಕ ಡಿಸ್ದೆರಿ ಹಲವು ಮಸೂರಗಳ ಕ್ಯಾಮೆರಾದಿಂದ ಒಂದೇ ಗಾಜಿನ ಮೇಲೆ ಎಂಟು ಪುಟ್ಟ ಚಿತ್ರ ಮೂಡಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ರಟ್ಟಿಗೆ ಅಂಟಿಸಿದ, ವಿಸಿಟಿಂಗ್ ಕಾರ್ಡಿನಷ್ಟು ಅಗಲದ ಆ ಚಿತ್ರಗಳನ್ನು ಡಜನ್ ಲೆಕ್ಕದಲ್ಲಿ ಮಾರಲಾಯಿತು. ಭಾವಚಿತ್ರ ಮಧ್ಯಮವರ್ಗದ ಮನೆ ಹೊಕ್ಕದ್ದು ಆಗ. 1860ರ ದಶಕದಲ್ಲಿ ಬಂದ, ಅದಕ್ಕಿಂತ ದೊಡ್ಡದಾದ ‘ಕ್ಯಾಬಿನೆಟ್ ಸೈಜ್’ ಎಂಬ ಅಳತೆಯ ಹೆಸರು ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು.

ಭಾರತದಲ್ಲಿ ಈ ಕಸುಬು ಬೇಗ ಬೇರುಬಿಟ್ಟಿತು. ಬಾಂಬೆಯಲ್ಲಿ 1854ರಲ್ಲಿ, ಮದರಾಸಿನಲ್ಲಿ 1856ರಲ್ಲಿ ಫೋಟೋಗ್ರಫಿ ಸಂಘಗಳು ಹುಟ್ಟಿದವು. ಆದರೆ ಇಲ್ಲಿನ ಸೆಕೆಯಲ್ಲಿ ಕೆಲಸ ಸುಲಭವಿರಲಿಲ್ಲ. ಕೊಲೋಡಿಯನ್ ಬಳಿದ ಗಾಜು ಹಸಿಯಾಗಿರುವಾಗಲೇ ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಚಿತ್ರ ತೆಗೆದು, ತೊಳೆದು ಮುಗಿಸಬೇಕು. ಬಿಸಿಲ ನಾಡಿನಲ್ಲಿ ಕೊಲೋಡಿಯನ್ನಿನಲ್ಲಿರುವ ಈಥರ್ ಬಲುಬೇಗ ಆರಿಹೋಗುತ್ತಿತ್ತು. ಗಿರಾಕಿ ಕಾಣುತ್ತಿದ್ದದ್ದು ಕ್ಯಾಮೆರಾ ಎದುರಿನ ಕೆಲವೇ ಸೆಕೆಂಡುಗಳನ್ನು. ಅದಕ್ಕೆ ಮುಂಚಿನ, ಆಮೇಲಿನ ಕತ್ತಲೆ ಕೋಣೆಯ ದುಡಿಮೆ, ಒಡೆದುಹೋದ ಗಾಜು, ಹಾಳಾದ ರಾಸಾಯನಿಕ ಎಲ್ಲವೂ ಅವನು ಕೊಡುವ ಹಣದಲ್ಲೇ ಸೇರಿರುತ್ತಿದ್ದವು.

ಅಷ್ಟೇ ಅಲ್ಲ, ನಂಬಿಕೆಗೂ ಬೆಲೆಯಿತ್ತು. ಹೈದರಾಬಾದಿನ ನಿಜಾಮರ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲಿ ಪರದೆಯ ಹೆಂಗಸರಿಗೆಂದೇ ಬೇರೆ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಬ್ರಿಟಿಷ್ ಮಹಿಳೆಯ ಕೈಗೆ ಕೊಟ್ಟರು. ಗಂಡಸರ ಕಣ್ಣಿಗೆ ಬೀಳದೆ ಚಿತ್ರ ತೆಗೆಸಿಕೊಳ್ಳುವ ಏರ್ಪಾಡೇ ಅಲ್ಲಿನ ಗಿರಾಕಿಗಳಿಗೆ ಮುಖ್ಯವಾಗಿತ್ತು.

ಯಂತ್ರವೇ ಚಿತ್ರ ಬರೆಯುವಾಗ ಛಾಯಾಗ್ರಾಹಕನ ಪಾಲೇನು ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನ್ಯೂಯಾರ್ಕಿನ ನೆಪೋಲಿಯನ್ ಸರೋನಿ 1882ರಲ್ಲಿ ತೆಗೆದಿದ್ದ ಆಸ್ಕರ್ ವೈಲ್ಡ್‌ನ ಚಿತ್ರವನ್ನು ಒಂದು ಮುದ್ರಣ ಕಂಪನಿ ಅನುಮತಿಯಿಲ್ಲದೆ 85,000 ಪ್ರತಿ ಅಚ್ಚು ಹಾಕಿತ್ತು. ಕೂರಿಸಿದ ಭಂಗಿ, ಉಡುಪಿನ ಆಯ್ಕೆ, ಬೆಳಕು ನೆರಳಿನ ಜೋಡಣೆ ಇವೆಲ್ಲ ಸರೋನಿಯ ಕಲ್ಪನೆಯ ಫಲ, ಆದ್ದರಿಂದ ಅವನೇ ಕೃತಿಕಾರ ಎಂದು 1884ರಲ್ಲಿ ತೀರ್ಪು ಬಂತು.

ಜೆಲಟಿನ್ ಬಳಿದ ಒಣ ಗಾಜು ಕಾರ್ಖಾನೆಯಿಂದಲೇ ತಯಾರಾಗಿ ಬರತೊಡಗಿದ ಮೇಲೆ ರಾಸಾಯನಿಕದ ಕಷ್ಟ ಅರ್ಧ ಕಳೆಯಿತು. ಉತ್ತರ ದಿಕ್ಕಿಗೆ ಗಾಜಿನ ಮಾಡು ಬಿಟ್ಟು, ನೇರ ಬಿಸಿಲಿಲ್ಲದ ಹದವಾದ ಬೆಳಕನ್ನು ಹಿಡಿಯುವುದು ಸ್ಟುಡಿಯೋಗಳ ಪದ್ಧತಿಯಾಗಿತ್ತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬಂತು. ಮುಂದೆ ವಿದ್ಯುತ್ತು ಊರೂರಿಗೆ ಹರಡಿದಂತೆ ಮೋಡದ ದಿನ, ಸಂಜೆಯ ಹೊತ್ತು ಎನ್ನದೆ ಕೆಲಸ ಮಾಡಬಹುದಾಯಿತು. ಇಷ್ಟಾದರೂ ಕೈಚಳಕದ ಬೆಲೆ ತಗ್ಗಲಿಲ್ಲ. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ‘ಟಚಿಂಗ್’ ಮಾಡಿ ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಮರೆಸುವುದು, ಕಪ್ಪು ಬಿಳುಪು ಚಿತ್ರಕ್ಕೆ ಕುಂಚದಿಂದ ಸೀರೆಯ ಬಣ್ಣ, ಒಡವೆಯ ಹೊಂಬಣ್ಣ ತುಂಬುವುದು ವರ್ಷಗಳ ಅಭ್ಯಾಸದಿಂದ ಬರುವ ವಿದ್ಯೆ. ಹೆಣ್ಣು ನೋಡುವ ಮೊದಲು ಗಂಡಿನ ಮನೆಗೆ ಹೋಗುವ ಫೋಟೋ ಈ ಕೈಯಿಂದಲೇ ಹೊರಬರುತ್ತಿತ್ತು. ತೀರಿಕೊಂಡವರ ಬಿಡಿ ಚಿತ್ರ ಇಲ್ಲದಾಗ, ಮದುವೆಯ ಗ್ರೂಪ್ ಫೋಟೋದಲ್ಲಿ ಕಾಳಿನಷ್ಟಿದ್ದ ಮುಖವನ್ನು ಎನ್‌ಲಾರ್ಜ್ ಮಾಡಿ, ಮಸುಕಾದ ಕಣ್ಣು ಮೂಗನ್ನು ತಿದ್ದಿ, ಗೋಡೆಗೆ ತೂಗುಹಾಕುವ ಪಟ ಮಾಡಿಕೊಟ್ಟವನೂ ಇದೇ ಸ್ಟುಡಿಯೋದವನು. ಆ ಪಟಕ್ಕೆ ಮನೆಯವರು ತೆತ್ತದ್ದು ಕಾಗದದ ಬೆಲೆಯಲ್ಲ, ಹೋದ ಮುಖವನ್ನು ಮರಳಿ ಕಾಣಿಸಿದ ಕೆಲಸದ ಬೆಲೆ.

ಸ್ವಾತಂತ್ರ್ಯಾನಂತರ ಆಮದು ಫಿಲ್ಮಿನ ಕೊರತೆ ಇದ್ದಾಗ, ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನ ಕಪ್ಪು ಬಿಳುಪು ಫಿಲ್ಮ್, ಕಾಗದಗಳನ್ನು ಒದಗಿಸಿತು. ಬಣ್ಣದ ಫಿಲ್ಮ್ ಬಂದಾಗ ತೊಳೆಯುವ ಕೆಲಸ ಕಲರ್ ಲ್ಯಾಬುಗಳ ಪಾಲಾಗಿ, ಊರಿನ ಸ್ಟುಡಿಯೋದ ಡಾರ್ಕ್ ರೂಮ್ ಮುಚ್ಚಿತು. ಪಾಸ್‌ಪೋರ್ಟ್ ಸೈಜಿನ ಸಣ್ಣ ಸಂಪಾದನೆಗೂ ಪೆಟ್ಟು ಬಿತ್ತು: 2010ರಿಂದೀಚೆಗೆ ಆಧಾರ್ ನೋಂದಣಿಯಲ್ಲಿ, ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಅಲ್ಲಿಯೇ ಫೋಟೋ ತೆಗೆಯುತ್ತಾರೆ.

ಡಿಜಿಟಲ್ ಕಾಲದಲ್ಲಿ ಒಂದು ಫ್ರೇಮಿನ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಈಗಿನ ದರದಲ್ಲಿ ಕಾಣುವುದು ಬೇರೆ ಬಾಬತ್ತುಗಳು: ಕ್ಯಾಮೆರಾ, ಮಸೂರ, ದೀಪಗಳ ಬಂಡವಾಳ, ಅಂಗಡಿ ಬಾಡಿಗೆ, ಸಹಾಯಕನ ಸಂಬಳ, ನೂರಾರು ಚಿತ್ರಗಳಿಂದ ಹತ್ತನ್ನು ಆರಿಸಿ ತಿದ್ದುವ ಗಂಟೆಗಳು, ಕ್ಯಾಮೆರಾ ಕಂಡರೆ ಬಿಗಿಯಾಗುವ ಮುಖವನ್ನು ಮಾತಾಡಿಸಿ ಸಡಿಲಗೊಳಿಸುವ ಜಾಣ್ಮೆ.

ಚಿತ್ರ ಯಾರದು ಎಂಬುದೂ ಬೆಲೆಯ ಭಾಗವೇ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವನೇ. ಆದರೆ ನೆಗೆಟಿವ್ ಸ್ಟುಡಿಯೋದ ಕಪಾಟಿನಲ್ಲೇ ಉಳಿಯುತ್ತಿತ್ತು. ಮತ್ತೆ ಪ್ರತಿ ಬೇಕಾದವರು ನಂಬರ್ ಹೇಳಿ ಹಾಕಿಸಿಕೊಳ್ಳುತ್ತಿದ್ದರು. ಅಂಗಡಿಗಳು ಮುಚ್ಚಿದಾಗ ಗಾಜಿನ ನೆಗೆಟಿವ್‌ಗಳನ್ನು ಗಾಜಿನ ಬೆಲೆಗೆ, ಫಿಲ್ಮನ್ನು ಬೆಳ್ಳಿಯ ಆಸೆಗೆ ಮಾರಿದ್ದುಂಟು. ಹಾಗೆ ಕಳೆದುಹೋದ ಊರಿನ ಮುಖಗಳಿಗೆ ಬೇರೆ ದಾಖಲೆಯಿಲ್ಲ. ಈಗ ಫೈಲುಗಳು ಗಿರಾಕಿಯ ಕೈಗೇ ಬರುತ್ತವೆ. ಕಾಪಿಡುವ ಹೊಣೆಯೂ ಅವನದೇ ಆಗಿದೆ.